ದೋಣಿ ಹತ್ತುವ ಮುನ್ನ ಡ್ಯಾಂ ಮಟ್ಟ ನೋಡಿ: ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಹೊರಡುವವರಿಗೆ ಕಾಡಿನ ದೋಣಿ ವಿಹಾರಗಳ ಹೋಲಿಕೆ

ಟಿಬಿ ಡ್ಯಾಂ, ಅಂದರೆ ತುಂಗಭದ್ರಾ ಅಣೆಕಟ್ಟು 1633 ಅಡಿ ಮುಟ್ಟಿತೇ, ಒಳಹರಿವು ಎಷ್ಟು, ನಾಲೆಗೆ ಯಾವಾಗ ಬಿಡುತ್ತಾರೆ ಎಂದು ಪತ್ರಿಕೆಯಲ್ಲಿ ನೋಡುವುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ ಕೆಲಸವೇನಲ್ಲ. ಕಾಡಿನೊಳಗೆ ದೋಣಿಯಲ್ಲಿ ಸುತ್ತಿ ಬರುವ ಪ್ರವಾಸವನ್ನು ಆರಿಸಲು ಬೇಕಾಗಿರುವುದೂ ಹೆಚ್ಚುಕಡಿಮೆ ಇದೇ ಲೆಕ್ಕ. ನಮ್ಮ ದೇಶದಲ್ಲಿ ಕಾಡಿನ ದೋಣಿ ವಿಹಾರ ಎಂಬುದು ಬಹುತೇಕ ಜಲಾಶಯದ ಹಿನ್ನೀರಿನಲ್ಲೇ ನಡೆಯುವಂಥದ್ದು. ನೀರು ಏರಿದಾಗ ಒಂದು ಬಗೆಯ ನೋಟ, ಇಳಿದಾಗ ಇನ್ನೊಂದು ಬಗೆಯದು. ಇದನ್ನು ನೋಡದೆ, ರಜೆ ಸಿಕ್ಕಿತೆಂದು ಬುಕ್ ಮಾಡಿ ಹೋದವರೇ ನಿರಾಸೆಯಿಂದ ವಾಪಸಾಗುವುದು.

ನೆನಪಿಡಬೇಕಾದ ಸೂತ್ರ ಒಂದೇ. ಪ್ರಾಣಿ ಪಕ್ಷಿ ನೋಡಬೇಕೆಂದರೆ ನೀರು ಇಳಿದಿರಬೇಕು. ಬೆಟ್ಟದ ಕಣಿವೆಯ ನಡುವೆ ದೂರದ ಪಯಣ ಬೇಕೆಂದರೆ ನೀರು ತುಂಬಿರಬೇಕು. ಹಾಗಾಗಿ ಕಬಿನಿ ಮತ್ತು ಭದ್ರಾ ಬೇಸಿಗೆಯವು, ಕೃಷ್ಣಾ ಕಣಿವೆಯ ಲಾಂಚು ಮತ್ತು ಗೋದಾವರಿಯ ಪಾಪಿಕೊಂಡಲು ಮಳೆಗಾಲ ಮುಗಿದ ಮೇಲಿನವು. ಇವುಗಳ ಜೊತೆಗೆ ಮನೆ ಬಾಗಿಲಲ್ಲೇ ಇರುವ ತುಂಗಭದ್ರೆಯ ಹರಿಗೋಲನ್ನೂ ಇಟ್ಟು ಹೋಲಿಸಿದ್ದೇವೆ. ಜಲಾಶಯಗಳ ಗರಿಷ್ಠ ಮಟ್ಟ ಗುರುತು ಹಾಕಿಕೊಂಡಿರಿ: ಕಬಿನಿ 2284 ಅಡಿ, ಭದ್ರಾ 186 ಅಡಿ, ಶ್ರೀಶೈಲ 885 ಅಡಿ, ನಾಗಾರ್ಜುನಸಾಗರ 590 ಅಡಿ. ಕಬಿನಿ, ಭದ್ರಾ ಮಟ್ಟ ಕನ್ನಡ ಪತ್ರಿಕೆಗಳಲ್ಲೇ ಬರುತ್ತದೆ. ಉಳಿದೆರಡು ತೆಲುಗು ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ಸುಲಭವಾಗಿ ಸಿಗುತ್ತವೆ.

ಕಬಿನಿ: ಆನೆಗಳಿಗಾಗಿ ಹೋಗುವುದಾದರೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಜಲಾಶಯದ ಹಿನ್ನೀರು ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ ರಾಷ್ಟ್ರೀಯ ಉದ್ಯಾನಗಳ ನಡುವೆ ಹರಡಿಕೊಂಡಿದೆ. 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಕಾಡಿನ ತಗ್ಗು ಭಾಗ ಮುಳುಗಿತು. ಅಂದು ಮುಳುಗಿದ ಮರಗಳ ಒಣ ಕಾಂಡಗಳು ಇಂದಿಗೂ ನೀರಿನ ಮೇಲೆ ನಿಂತಿವೆ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದು, ಚಳಿಗಾಲಕ್ಕೆ ಬರುವ ಮೀನುಗಿಡುಗ ಕೂತು ಹೊಂಚು ಹಾಕುವುದು ಅವುಗಳ ಮೇಲೆಯೇ.

ಇಲ್ಲಿ ಬೇಸಿಗೆ ಏಕೆ ಮೇಲು ಎಂಬುದಕ್ಕೆ ಸ್ಪಷ್ಟ ಕಾರಣವಿದೆ. ನಾಲೆಗೆ, ಕುಡಿಯುವುದಕ್ಕೆ ನೀರು ಹೋಗುತ್ತಾ ಚಳಿಗಾಲ ಕಳೆಯುವಷ್ಟರಲ್ಲಿ ಹಿನ್ನೀರು ಹಿಂದೆ ಸರಿಯುತ್ತದೆ. ಬಯಲಾದ ಮೆಕ್ಕಲು ಮಣ್ಣಿನಲ್ಲಿ ತೇವ ಉಳಿದಿರುವುದರಿಂದ ಎಳೆ ಹುಲ್ಲು ಚಿಗುರುತ್ತದೆ. ಅದೇ ಹೊತ್ತಿಗೆ ಕಾಡಿನೊಳಗಿನ ಕೆರೆಕಟ್ಟೆಗಳು ಬತ್ತಿ, ಹುಲ್ಲು ಒಣಗಿರುತ್ತದೆ. ಹುಲ್ಲೂ ನೀರೂ ಒಂದೇ ಕಡೆ ಸಿಗುವ ಜಾಗ ಹಿನ್ನೀರಿನ ದಂಡೆ ಮಾತ್ರ. ಹೀಗಾಗಿ ಮಾರ್ಚಿನಿಂದ ಮೇ ತನಕ ಸುತ್ತಲಿನ ಕಾಡುಗಳ ಆನೆ ಹಿಂಡುಗಳು ಇಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟು ಸೇರುವ ಜಾಗಗಳು ಅಪರೂಪ. ಮೊದಲ ಮುಂಗಾರು ಮಳೆ ಬಿದ್ದು ಕಾಡಿನಲ್ಲಿ ಚಿಗುರೊಡೆದರೆ ಹಿಂಡುಗಳು ಚದುರುತ್ತವೆ. ಜುಲೈನಿಂದ ಅಕ್ಟೋಬರ್ ತನಕ ನೀರು ಕಾಡಿನ ಅಂಚಿಗೇ ಬಂದು ತಾಗುತ್ತದೆ. ಮೇಯಲು ದಂಡೆಯೇ ಇಲ್ಲದ ಮೇಲೆ ಆನೆಗಳು ಅಲ್ಲಿಗೆ ಏಕೆ ಬರಬೇಕು? ಆಗ ಹೋದವರಿಗೆ ಹಸಿರು, ಮೋಡ, ಹಕ್ಕಿ ಸಿಗುತ್ತವೆ. ಆನೆ ಸಿಕ್ಕರೆ ಅದೃಷ್ಟ.

ದೋಣಿಯ ನಿಜವಾದ ಲಾಭ ತಿಳಿಯುವುದು ಇಂಜಿನ್ ಆರಿಸಿ ದಂಡೆಯ ಹತ್ತಿರ ತೇಲುವಾಗ. ಜೀಪು ಬಂದರೆ ಹಿಂಡು ಎಚ್ಚರಗೊಂಡು ಮರಿಗಳನ್ನು ನಡುವೆ ಸೇರಿಸಿಕೊಳ್ಳುತ್ತದೆ. ನೀರಿನ ಕಡೆಯಿಂದ ಮೆಲ್ಲಗೆ ಬಂದ ದೋಣಿಗೆ ಅಷ್ಟು ಗಾಬರಿಯಾಗುವುದಿಲ್ಲ. ಆನೆ ಮೇಯುವುದನ್ನು ಗಮನವಿಟ್ಟು ನೋಡಿ. ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡಕ್ಕೆ ಎರಡು ಮೂರು ಸಲ ಒದ್ದು ಸಡಿಲ ಮಾಡುತ್ತದೆ, ಸೊಂಡಿಲಿನಿಂದ ಸುತ್ತಿ ಕೀಳುತ್ತದೆ, ಕಿತ್ತ ಕಂತೆಯನ್ನು ಮೊಣಕಾಲಿಗೆ ಬಡಿದು ಮಣ್ಣು ಉದುರಿಸುತ್ತದೆ, ಆಮೇಲೆ ಬಾಯಿಗೆ. ಎಳೆ ಮರಿಗೆ ಈ ಕೆಲಸ ಇನ್ನೂ ಬಂದಿರುವುದಿಲ್ಲ. ಒದೆಯುತ್ತದೆ, ಹುಲ್ಲು ಬರುವುದಿಲ್ಲ, ಕೊನೆಗೆ ತಾಯಿಯ ಬಾಯಿಂದಲೇ ಕಿತ್ತುಕೊಳ್ಳುತ್ತದೆ. ಇಷ್ಟು ನೋಡಲು ಹತ್ತು ನಿಮಿಷ ಒಂದೇ ಕಡೆ ನಿಂತಿರಬೇಕು. "ಹುಲಿ ಎಲ್ಲಿ, ಮುಂದೆ ಹೋಗೋಣ" ಎಂದು ಚಾಲಕನನ್ನು ಅವಸರಪಡಿಸುವವರು ಒಬ್ಬರಿದ್ದರೂ ಇಡೀ ದೋಣಿಯವರಿಗೆ ಇದು ತಪ್ಪಿಹೋಗುತ್ತದೆ.

ಹುಲಿ, ಚಿರತೆಯೇ ಗುರಿಯಾದರೆ ಜೀಪಿನ ಸಫಾರಿಯೇ ಸರಿ. ದೋಣಿಯಿಂದ ಹುಲಿ ಕಾಣುವುದುಂಟು, ಆದರೆ ನೀರು ಕುಡಿಯಲು ಬಂದ ಹೊತ್ತಿಗೆ ನೀವು ಅಲ್ಲಿರಬೇಕು. ಎರಡನ್ನೂ ಮಾಡುವುದಾದರೆ ಬೆಳಿಗ್ಗೆ ಜೀಪು, ಸಂಜೆ ದೋಣಿ ಎಂದು ಕೇಳಿಕೊಳ್ಳಿ. ಬಿಸಿಲು ಇಳಿದ ಮೇಲೆ ಆನೆ, ಕಾಡೆಮ್ಮೆ, ಜಿಂಕೆಗಳು ದಂಡೆಗೆ ಬರುವುದು ಹೆಚ್ಚು. ಮೊಸಳೆ ನೋಡಬೇಕೆಂದಿರುವವರಿಗೆ ಮಾತ್ರ ಚಳಿಗಾಲದ ಬೆಳಗಿನ ದೋಣಿ ಚೆನ್ನ, ಮೈ ಕಾಯಿಸಿಕೊಳ್ಳಲು ಅವು ದಂಡೆಗೆ ಬಂದು ಮಲಗಿರುತ್ತವೆ.

ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಕಾರಾಪುರದಿಂದ ಈ ದೋಣಿ ಸಫಾರಿ ನಡೆಸುತ್ತದೆ. ಇಲ್ಲಿ ವಾಸ, ಊಟ, ಸಫಾರಿ ಸೇರಿದ ಪ್ಯಾಕೇಜೇ ಮುಖ್ಯ. ಈ ಪಟ್ಟಿಯಲ್ಲಿ ಜೇಬಿಗೆ ಎಲ್ಲಕ್ಕಿಂತ ಭಾರವಾದದ್ದು ಇದೇ. ಬೇಸಿಗೆ ರಜೆಯ ಶನಿವಾರ, ಭಾನುವಾರ ಬೇಕಿದ್ದರೆ ಎರಡು ಮೂರು ತಿಂಗಳು ಮೊದಲೇ ಬುಕ್ ಮಾಡಬೇಕು. ವಾರದ ನಡುವಿನ ದಿನಗಳಲ್ಲಿ ದರವೂ ಕಡಿಮೆ, ಜನವೂ ಕಡಿಮೆ. ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಪ್ಯಾಕೇಜಿನಲ್ಲಿ ದೋಣಿ ಖಚಿತವೋ, ಜೀಪು ಅಥವಾ ದೋಣಿ ಎಂದಿದೆಯೋ? ಉದ್ದ ಲೆನ್ಸಿನ ಕ್ಯಾಮೆರಾಕ್ಕೆ ಬೇರೆ ಶುಲ್ಕವೆಷ್ಟು? ಸಫಾರಿ ನಿಂತರೆ ಹಣ ವಾಪಸು ಹೇಗೆ? ಮೂರನೆಯದು ಬರಿಯ ಮುನ್ನೆಚ್ಚರಿಕೆಯ ಮಾತಲ್ಲ. 2025ರ ನವೆಂಬರಿನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿತ್ತು. ಆದ್ದರಿಂದ ಹೊರಡುವ ಹಿಂದಿನ ದಿನ ಒಮ್ಮೆ ಫೋನ್ ಮಾಡಿಯೇ ರೈಲು ಹತ್ತಿ.

ದಾರಿ ಸುಲಭ. ಹುಬ್ಬಳ್ಳಿಯಿಂದ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಬೆಳಿಗ್ಗೆ ನೇರ ಮೈಸೂರಿಗೇ ಮುಟ್ಟಿಸುತ್ತದೆ. ಅಲ್ಲಿಂದ ಹ್ಯಾಂಡ್‌ಪೋಸ್ಟ್ ಮೇಲೆ ಕಾರಾಪುರಕ್ಕೆ ಟ್ಯಾಕ್ಸಿಯಲ್ಲಿ ಎರಡು ತಾಸಿನ ಹತ್ತಿರ. ಮೊದಲ ಸಫಾರಿ ಮಧ್ಯಾಹ್ನದ ಊಟದ ಮೇಲೆ ಇರುವುದರಿಂದ ರೈಲು ಒಂದೆರಡು ತಾಸು ತಡವಾದರೂ ನಡೆಯುತ್ತದೆ. ರಾಯಚೂರಿನವರು ರಾತ್ರಿ ರೈಲಿಗೆ ಬೆಂಗಳೂರು ಸೇರಿ ಅಲ್ಲಿಂದ ಮೈಸೂರು ಹಿಡಿಯಬೇಕು. ಅದೇ ದಿನದ ಮಧ್ಯಾಹ್ನದ ಸಫಾರಿಗೆ ಇದು ತುಂಬಾ ಬಿಗಿಯಾಗುತ್ತದೆ. ಮೈಸೂರಿನಲ್ಲಿ ಒಂದು ರಾತ್ರಿ ತಂಗುವುದು ಒಳ್ಳೆಯದು.

ಭದ್ರಾ: ಕಡಿಮೆ ಹೆಸರು, ಹತ್ತಿರದ ದಾರಿ

ಲಕ್ಕವಳ್ಳಿಯ ಭದ್ರಾ ಹಿನ್ನೀರು ರಾಷ್ಟ್ರೀಯ ಉದ್ಯಾನವಲ್ಲ, ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಕಾನೂನಿನ ಹೆಸರು ಬೇರೆಯಾದರೂ ಕಾಡು ಅಷ್ಟೇ ದಟ್ಟ. ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ನಮ್ಮ ಗದ್ದೆಗಳಿಗೆ ಬರುವ ನೀರು ಇದೇ ಅನ್ನುವುದು ತುಂಗಭದ್ರಾ ಅಚ್ಚುಕಟ್ಟಿನವರಿಗೆ ಇನ್ನೊಂದು ನಂಟು.

ಕಬಿನಿಗೂ ಇದಕ್ಕೂ ನಡುವೆ ತೂಗುವವರು ಹಕ್ಕಿಗಳ ಕಡೆ ಒಲವಿದ್ದರೆ ಕಣ್ಣು ಮುಚ್ಚಿ ಭದ್ರಾ ಆರಿಸಬಹುದು. ನೀರು ಇಳಿದಂತೆ ಹಿನ್ನೀರಿನ ನಡುವೆ ಗುಡ್ಡದ ನೆತ್ತಿಗಳು ದ್ವೀಪಗಳಾಗಿ ಮೇಲೇಳುತ್ತವೆ. ಸುತ್ತ ನೀರಿರುವುದರಿಂದ ನರಿ, ಕಾಡುಬೆಕ್ಕುಗಳ ಕಾಟ ಕಡಿಮೆ. ಹೊಳೆ ರೀವ (ರಿವರ್ ಟರ್ನ್) ಹಕ್ಕಿಗಳು ಫೆಬ್ರುವರಿಯ ಸುಮಾರಿಗೆ ಬಂದು ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಮೊಟ್ಟೆ ಇಡುತ್ತವೆ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕೆಂಪು ಕಾಲು, ಕತ್ತರಿಯಂತೆ ಸೀಳಿದ ಬಾಲ, ಗುರುತು ಹಿಡಿಯುವುದು ಕಷ್ಟವಿಲ್ಲ. ಬಿಸಿಲು ಏರಿದಾಗ ತಾಯಿ ತಂದೆ ಹಕ್ಕಿಗಳು ನೀರಿಗೆ ಹೋಗಿ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ, ಮೊಟ್ಟೆ ತಂಪಾಗಲಿ ಎಂದು. ದೋಣಿ ದ್ವೀಪಕ್ಕೆ ತೀರಾ ಹತ್ತಿರ ಹೋದರೆ ಸಾವಿರಾರು ಹಕ್ಕಿಗಳು ಒಮ್ಮೆಲೇ ಮೇಲೇಳುತ್ತವೆ. ಫೋಟೊಗೆ ಅದು ಚಂದ. ಆದರೆ ಅವು ಮೇಲಿರುವಷ್ಟು ಹೊತ್ತು ಮೊಟ್ಟೆಗಳು ಸುಡು ಬಿಸಿಲಿನಲ್ಲಿ ಬೇಯುತ್ತವೆ. "ಇನ್ನೂ ಹತ್ತಿರ" ಎಂದು ಚಾಲಕನಿಗೆ ದಯವಿಟ್ಟು ಹೇಳಬೇಡಿ. ದೂರದಿಂದ ನೋಡಲು ದುರ್ಬೀನು ಸಾಕು.

ಮೇ ಕೊನೆಯ ತನಕ ಈ ನೋಟವಿರುತ್ತದೆ. ಮುಂಗಾರಿಗೆ ದ್ವೀಪಗಳು ಮತ್ತೆ ಮುಳುಗುತ್ತವೆ. ಆನೆ, ಕಾಡೆಮ್ಮೆ, ನೀರುನಾಯಿ, ಮೊಸಳೆ ಇಲ್ಲಿಯೂ ಇವೆ, ಕಬಿನಿಯಷ್ಟು ಬಯಲಿಗೆ ಬರುವುದಿಲ್ಲ ಅಷ್ಟೇ. ಬಳ್ಳಾರಿಯವರಿಗೆ ಚಳ್ಳಕೆರೆ, ಚಿತ್ರದುರ್ಗ, ಹೊಳಲ್ಕೆರೆ, ತರೀಕೆರೆ ದಾರಿ. ಕೊಪ್ಪಳದವರು ಹೊಸಪೇಟೆ, ಕೂಡ್ಲಿಗಿ ಮೇಲೆ ಚಿತ್ರದುರ್ಗ ಸೇರಬಹುದು. ಬೆಳಗಿನ ಜಾವ ಕಾರಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಲಕ್ಕವಳ್ಳಿ. ಇಲ್ಲಿನ ರಿವರ್ ಟರ್ನ್ ಲಾಡ್ಜ್ ಕೂಡ ಜಂಗಲ್ ಲಾಡ್ಜಸ್ ಸಂಸ್ಥೆಯದೇ. ಕೇಳಬೇಕಾದ ಪ್ರಶ್ನೆಗಳೂ ಅವೇ.

ಶ್ರೀಶೈಲ: ರಾಯಚೂರಿನವರ ಮೊದಲ ಆಯ್ಕೆ ಇದಾಗಲಿ

ಯುಗಾದಿಗೆ ಮಲ್ಲಯ್ಯನ ದರ್ಶನಕ್ಕೆ ನಮ್ಮ ಭಾಗದಿಂದ ಪಾದಯಾತ್ರೆ ಹೋಗುವವರಿಗೆ ಲೆಕ್ಕವಿಲ್ಲ. ಅಷ್ಟು ದೂರ ಹೋಗಿಯೂ ಪಾತಾಳಗಂಗೆಯಲ್ಲಿ ಸ್ನಾನ ಮಾಡಿ ವಾಪಸಾಗುವವರೇ ಹೆಚ್ಚು. ಅದೇ ಪಾತಾಳಗಂಗೆಯಿಂದ ಅಕ್ಕಮಹಾದೇವಿ ಗವಿಗೆ ದೋಣಿ ಹೋಗುತ್ತದೆ. ಕದಳಿಯನ್ನು ಹುಡುಕಿ ಬಂದ ಅಕ್ಕ ತಪಸ್ಸು ಮಾಡಿದಳೆಂದು ನಂಬುವ ಜಾಗಕ್ಕೆ ಹುಲಿ ಕಾಡಿನ ನಡುವೆ, ಕೃಷ್ಣೆಯ ಹಿನ್ನೀರಿನ ಮೇಲೆ ಹೋಗುವ ದಾರಿ ಕನ್ನಡಿಗರಿಗೆ ಬೇರೆ ಯಾವ ದೋಣಿ ವಿಹಾರದಲ್ಲೂ ಸಿಗುವಂಥದ್ದಲ್ಲ.

ಪಾತಾಳಗಂಗೆಗೆ ಇಳಿಯಲು ನೂರಾರು ಮೆಟ್ಟಿಲಿವೆ, ರೋಪ್‌ವೇ ಕೂಡ ಇದೆ. ಮೊಣಕಾಲು ನೋವಿನವರು ರೋಪ್‌ವೇ ಟಿಕೆಟ್ಟನ್ನು ಎರಡೂ ಕಡೆಗೆ ತೆಗೆಸಿಕೊಳ್ಳಿ. ಇಳಿಯುವುದಕ್ಕಿಂತ ಏರುವುದೇ ಸುಸ್ತು. ದೋಣಿ ಅಣೆಕಟ್ಟಿನ ಮೇಲ್ಭಾಗದ ಹಿನ್ನೀರಿನಲ್ಲಿ 16 ರಿಂದ 18 ಕಿ.ಮೀ. ಸಾಗುತ್ತದೆ, ಒಂದು ತಾಸಿನ ಮೇಲೆ ಬೇಕು. ಎರಡೂ ಬದಿ ನಲ್ಲಮಲ ಬೆಟ್ಟಗಳು, ಪದರು ಪದರಾದ ಕಲ್ಲಿನ ಗೋಡೆ. ಇಳಿದ ಮೇಲೆ ಗವಿಗೆ ಕಲ್ಲುದಾರಿಯಲ್ಲಿ ಏರಿ ನಡೆಯಬೇಕು. ಗವಿಯ ಮುಂದೆ ಕಂಬವೇ ಇಲ್ಲದೆ ನಿಂತ ಉದ್ದನೆಯ ಸಹಜ ಕಲ್ಲಿನ ಚಪ್ಪರವಿದೆ. ಒಳಗೆ ಲಿಂಗದ ತನಕ ಹೋಗುವ ದಾರಿ ಕತ್ತಲು, ತುಂಬಾ ಇಕ್ಕಟ್ಟು, ಕೊನೆಗೆ ಬಗ್ಗಿ ತೆವಳಬೇಕಾಗುತ್ತದೆ. ಬಾವಲಿಗಳಿವೆ. ಉಬ್ಬಸ ಇರುವವರು, ಇಕ್ಕಟ್ಟಿಗೆ ಹೆದರುವವರು ಹೊರಗಿನ ಚಪ್ಪರದ ಕೆಳಗೇ ಕೂತರೆ ನಷ್ಟವೇನೂ ಇಲ್ಲ. ತಲೆಗೆ ಕಟ್ಟುವ ಟಾರ್ಚ್ ಒಯ್ಯಿರಿ, ತೆವಳುವಾಗ ಕೈ ಎರಡೂ ಬೇಕು.

ಇಲ್ಲಿ ಆಗುವ ತೊಂದರೆ ಒಂದೇ ಬಗೆಯದು: ಸಾಕಷ್ಟು ಜನ ಸೇರದೆ ದೋಣಿ ಹೊರಡುವುದಿಲ್ಲ. ಒಂಬತ್ತಕ್ಕೆ ಎಂದವರು ಹನ್ನೊಂದಕ್ಕೆ ಹೊರಡಿಸಿ, ವಾಪಸು ಬರುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ಆದ್ದರಿಂದ ಮೊದಲ ದಿನ ದರ್ಶನ ಮುಗಿಸಿ, ಎರಡನೆಯ ದಿನ ಬೆಳಿಗ್ಗೆ ಬೇಗ ಟಿಕೆಟ್ ಕಟ್ಟೆಗೆ ಹೋಗುವುದು ಸರಿ. ನಾಲ್ಕು ತಾಸನ್ನು ಇದಕ್ಕೇ ಎತ್ತಿಡಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದವರು ಜಾಣರು, ಗವಿಯ ಬಳಿ ತಿನ್ನಲು ಸಿಗುತ್ತದೆಂದು ನಂಬಿ ಹೋಗುವಂತಿಲ್ಲ. ತಂದ ಪ್ಲಾಸ್ಟಿಕ್ ವಾಪಸು ತರಬೇಕು, ಅದು ಹುಲಿಗಳ ಕಾಡು.

ಪೂರ್ಣ ದಿನದ ಲಾಂಚ್ ಬೇಕೆಂದರೆ ನಾಗಾರ್ಜುನಸಾಗರದಿಂದ ಶ್ರೀಶೈಲಕ್ಕೆ ತೆಲಂಗಾಣ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ನಡೆಸುವುದಿದೆ. ಸುಮಾರು 110 ಕಿ.ಮೀ., ಐದಾರು ತಾಸು. ಶ್ರೀಶೈಲ ಅಣೆಕಟ್ಟಿನ ಕೆಳಗಿನ ಲಿಂಗಾಲಗಟ್ಟಿನಲ್ಲಿ ಇಳಿಸುತ್ತಾರೆ. ನಾಗಾರ್ಜುನಸಾಗರ ಚೆನ್ನಾಗಿ ತುಂಬಿದ್ದರೆ ಮಾತ್ರ ಕಣಿವೆಯ ಮೇಲ್ತುದಿಯ ತನಕ ಲಾಂಚಿಗೆ ಆಳ ಸಿಗುತ್ತದೆ. ನೀರು ಇಳಿದರೆ ಬಂಡೆಗಳು ತಲೆ ಎತ್ತುತ್ತವೆ, ಲಾಂಚ್ ನಿಲ್ಲುತ್ತದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಒಂದು ಸಲವೂ ಹೊರಡದೆ ಇರಬಹುದು. ದೀಪಾವಳಿ ಮುಂಚಿನ ಪತ್ರಿಕೆಗಳಲ್ಲಿ ಸಾಗರದ ಮಟ್ಟ 590ರ ಸಮೀಪ ಇದ್ದರೆ ವಿಚಾರಿಸಲು ಶುರು ಮಾಡಿ. ಹಾಗೆಯೇ ತೆಲಂಗಾಣದ ಕೊಲ್ಲಾಪುರದ ಹತ್ತಿರದ ಸೋಮಶಿಲದಿಂದಲೂ ಶ್ರೀಶೈಲದ ಹಿನ್ನೀರಿನಲ್ಲಿ ಲಾಂಚ್ ಇದೆ. ಗದ್ವಾಲ ಮೇಲೆ ಹೋಗುವ ರಾಯಚೂರಿನವರಿಗೆ ದೂರ ನೋಡಿದರೆ ಇದೇ ಹತ್ತಿರ. ಅದೂ ನೀರಿದ್ದ ತಿಂಗಳಲ್ಲಿ ಮಾತ್ರ, ದಿನವೂ ಇರುವುದಿಲ್ಲ. ಕೇಳದೆ ಹೊರಡಬೇಡಿ.

ಈ ಲಾಂಚಿನಿಂದ ಹುಲಿ ಕಂಡೀತೆಂದು ಮಕ್ಕಳಿಗೆ ಹೇಳಿ ಕರೆದೊಯ್ಯಬೇಡಿ. ಎರಡು ದಂಡೆಯೂ ಹುಲಿ ಸಂರಕ್ಷಿತ ಪ್ರದೇಶವೇ ಹೌದು, ಆದರೆ ಅಗಲ ನೀರು, ದೊಡ್ಡ ಇಂಜಿನ್. ನೋಡಬೇಕಾಗಿರುವುದು ಕಣಿವೆ. ಮಧ್ಯಾಹ್ನದ ಬಿಸಿಲು ಎದುರಿನಿಂದ, ಎಡದಿಂದ ಹೊಡೆಯುವುದರಿಂದ ಬಲಬದಿಯ ಮುಂಭಾಗದ ಸೀಟು ಹಿಡಿಯಿರಿ. ಹಿಂಭಾಗದಲ್ಲಿ ಇಂಜಿನ್ ಸದ್ದು, ಡೀಸೆಲ್ ಹೊಗೆ ಎರಡೂ ಸೇರಿ ತಲೆ ಸುತ್ತಿಸುತ್ತವೆ.

ರಸ್ತೆಯಲ್ಲಿ ಹೋಗುವವರಿಗೆ ಒಂದು ಮಾತು. ಕರ್ನೂಲು, ಆತ್ಮಕೂರು, ದೋರ್ನಾಲ ದಾರಿಯಾಗಲಿ, ಮನ್ನನೂರು ದಾರಿಯಾಗಲಿ, ಕಾಡಿನ ಚೆಕ್‌ಪೋಸ್ಟುಗಳು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಮುಚ್ಚಿರುತ್ತವೆ. ಬಳ್ಳಾರಿಯಿಂದ ಮಧ್ಯಾಹ್ನದ ಮೇಲೆ ಹೊರಟು ಗೇಟಿನ ಮುಂದೆ ಕಾರಿನಲ್ಲೇ ರಾತ್ರಿ ಕಳೆಯುವವರು ಈಗಲೂ ಇದ್ದಾರೆ.

ಪಾಪಿಕೊಂಡಲು: ನೋಟಕ್ಕೆ ಮೇಲು, ಎಚ್ಚರಕ್ಕೂ ಮೇಲೇ ಇರಬೇಕು

ಆಂಧ್ರದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದ ಬೆಟ್ಟಗಳ ನಡುವೆ ಗೋದಾವರಿ ಇಕ್ಕಟ್ಟಾಗಿ ಹರಿಯುತ್ತದೆ. 2008ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಈ ಕಾಡು ಸಾವಿರ ಚದರ ಕಿ.ಮೀ. ಮೀರಿದ್ದು. ರಾಜಮಹೇಂದ್ರಿ ಕಡೆಯಿಂದ ಹೋಗುವವರಿಗೆ ಈಗ ಗಂಡಿಪೋಚಮ್ಮ ಗುಡಿಯ ಹತ್ತಿರದಿಂದ ದೋಣಿ. ಪೋಲವರಂ ಅಣೆಕಟ್ಟಿನ ಕೆಲಸದಿಂದಾಗಿ ಹಳೆಯ ದೋಣಿಕಟ್ಟೆಗಳು ಮೇಲಕ್ಕೆ ಸರಿದಿವೆ. ಹಳೆಯ ಲೇಖನ ಓದಿ ಹಳೆಯ ಕಟ್ಟೆಗೆ ಹೋಗಬೇಡಿ. ಭದ್ರಾಚಲ ಕಡೆಯಿಂದ ಬರುವವರಿಗೆ ಪೋಚವರಂ. ಎರಡೂ ಕಡೆಯ ದೋಣಿಗಳು ಪೇರಂಟಾಲಪಲ್ಲಿಯ ಶಿವನ ಗುಡಿಯ ಹತ್ತಿರ ನಿಲ್ಲುತ್ತವೆ. ಅಲ್ಲಿ ಕೊಂಡರೆಡ್ಡಿ ಬುಡಕಟ್ಟಿನವರು ಬಿದಿರಿನ ಸಾಮಾನು ಮಾರುತ್ತಾರೆ, ಚೌಕಾಸಿ ಮಾಡದೆ ಕೊಳ್ಳಿ.

ಯಾವ ಕಡೆ ಆರಿಸಬೇಕು? ಇಡೀ ದಿನ ನೀರಿನ ಮೇಲಿರಬೇಕು ಎನ್ನುವವರಿಗೆ ರಾಜಮಹೇಂದ್ರಿ. ತಿಂಡಿ, ಊಟ ದೋಣಿಯಲ್ಲೇ ಕೊಡುತ್ತಾರೆ, ಸಂಜೆಗೆ ವಾಪಸು. ರಾಮನ ದರ್ಶನವೂ ಆಗಲಿ, ದೋಣಿ ಸ್ವಲ್ಪ ಚಿಕ್ಕದಾದರೂ ಸರಿ ಎನ್ನುವವರಿಗೆ ಭದ್ರಾಚಲ. ರಾಯಚೂರಿನವರು ಹೈದರಾಬಾದ್ ಮೇಲೆ ಭದ್ರಾಚಲಕ್ಕೆ ಹೋಗುವುದು ಹೊಂದುತ್ತದೆ. ಬಳ್ಳಾರಿ, ಹೊಸಪೇಟೆ ಕಡೆಯವರಿಗೆ ವಾಸ್ಕೋದಿಂದ ಕೋಲ್ಕತ್ತ ಕಡೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ವಾರದ ಕೆಲವು ದಿನ ನೇರ ರಾಜಮಹೇಂದ್ರಿಗೆ ಇದೆ. ತೆಲುಗು ಬಲ್ಲ ನಮ್ಮವರಿಗೆ ಮಾತಿನ ಅಡ್ಡಿಯೂ ಇಲ್ಲ.

ರಾಷ್ಟ್ರೀಯ ಉದ್ಯಾನ ಎಂಬ ಹೆಸರು ನೋಡಿ ಪ್ರಾಣಿಗಳಿಗಾಗಿ ಹೋಗುವವರು ಇದನ್ನು ಬಿಡಿ. ದೊಡ್ಡ ದೋಣಿಗಳಲ್ಲಿ ಮೈಕು, ಹಾಡು, ಕುಣಿತ ದಾರಿಯುದ್ದಕ್ಕೂ ಇರುತ್ತದೆ. ಅದು ಇಷ್ಟವಿಲ್ಲದವರು ಬುಕ್ ಮಾಡುವಾಗಲೇ ಚಿಕ್ಕ ದೋಣಿ ಕೇಳುವುದು ಮೇಲು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ.

ಪ್ರವಾಹದ ಕಾಲದಲ್ಲಿ ಗೋದಾವರಿಯ ಈ ಭಾಗಕ್ಕೆ ಹೋಗಲೇಬಾರದು. 2019ರ ಸೆಪ್ಟೆಂಬರ್ 15ರಂದು ದೇವಿಪಟ್ನಂ ಬಳಿಯ ಕಚ್ಚುಲೂರಿನಲ್ಲಿ ಹೊಳೆ ಉಕ್ಕುತ್ತಿದ್ದಾಗ ಹೊರಟ ಪ್ರವಾಸಿ ದೋಣಿ ಮುಳುಗಿ ಹತ್ತಾರು ಜನ ಸತ್ತರು. ಮುಳುಗಿದ ದೋಣಿಯನ್ನು ಮೇಲೆತ್ತಲು ಒಂದು ತಿಂಗಳ ಮೇಲಾಯಿತು. ಅಗಲವಾದ ಹೊಳೆ ಬೆಟ್ಟಗಳ ನಡುವೆ ಕಿರಿದಾದಾಗ ನೀರಿನ ವೇಗವೂ ಆಳವೂ ಒಟ್ಟಿಗೆ ಏರುತ್ತವೆ, ತಿರುವಿನಲ್ಲಿ ಸುಳಿ ಏಳುತ್ತದೆ. ಪೂರ್ತಿ ಭಾರ ಹೊತ್ತ ದೋಣಿಯ ಇಂಜಿನ್ ಅದರ ಎದುರು ಸೋಲಬಹುದು. ಮೇಲ್ಭಾಗದಲ್ಲಿ ಮಳೆಯಾಗಿದ್ದರೆ ಇಲ್ಲಿ ಆಕಾಶ ಶುಭ್ರವಾಗಿದ್ದರೂ ಹೊಳೆ ಏರುತ್ತಿರುತ್ತದೆ. ದೋಣಿ ರದ್ದಾದರೆ ಜಗಳವಾಡದೆ ಹಣ ವಾಪಸು ಪಡೆದು ಬನ್ನಿ.

ತುಂಗಭದ್ರೆಯ ಹರಿಗೋಲು

ರೈಲು, ಲಾಡ್ಜು ಯಾವುದೂ ಬೇಡದ ಆಯ್ಕೆ ಇದು. ಹಂಪಿಯ ಚಕ್ರತೀರ್ಥದ ಬಳಿ, ಆನೆಗೊಂದಿ ಕಡೆಯ ಕಟ್ಟೆಗಳಲ್ಲಿ, ಗಂಗಾವತಿ ತಾಲ್ಲೂಕಿನ ಸಣಾಪುರ ಕೆರೆಯಲ್ಲಿ ಹರಿಗೋಲು ಸಿಗುತ್ತದೆ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟಿಸುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಆಗ ಹೊರಗೆ ಚರ್ಮದ ಹೊದಿಕೆ, ಈಗ ಬಿದಿರಿನ ಹೆಣಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು.

ಇದೂ ಕಾಡುಪ್ರಾಣಿಗಳ ಹೊಳೆಯೇ. ಮುದ್ಲಾಪುರದಿಂದ ಕಂಪ್ಲಿ ತನಕದ 34 ಕಿ.ಮೀ. ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಸೂರ್ಯ ಏರುವ ಮೊದಲು, ಬಂಡೆಗಳ ಸಂದಿಯ ನಿಂತ ನೀರಿನ ಕಡೆ ಮಾತಾಡದೆ ಹೋದರೆ ನೀರುನಾಯಿಗಳು ಕಾಣುವ ಸಾಧ್ಯತೆ ಹೆಚ್ಚು. ಗುಂಪಾಗಿ ಮೀನು ಅಟ್ಟುತ್ತವೆ, ಬಂಡೆಯ ಮೇಲೆ ಹೊರಳಿ ಮೈ ಒಣಗಿಸಿಕೊಳ್ಳುತ್ತವೆ. ಮೊಸಳೆಗಳೂ ಇವೆ. ಕೈ ನೀರಿಗೆ ಇಳಿಬಿಟ್ಟು ಕೂರುವುದು, ಬಂಡೆಯಿಂದ ಹಾರಿ ಈಜುವುದು ಬೇಡ. ಮೇಲಿನಿಂದ ಶಾಂತವಾಗಿ ಕಾಣುವ ಈ ಹೊಳೆಯ ತಳದಲ್ಲಿ ಬಂಡೆಗಳ ನಡುವೆ ಸೆಳವು ಬಲವಾಗಿರುತ್ತದೆ.

ಹರಿಗೋಲಿಗೆ ಮುಂದು ಹಿಂದು ಇಲ್ಲ. ಅದಕ್ಕಾಗಿಯೇ ಭಾರ ಸುತ್ತಲೂ ಸಮನಾಗಿ ಕೂರಬೇಕು. ಮೊದಲ ಕಾಲನ್ನು ಅಂಚಿನ ಮೇಲೆ ಇಡದೆ ನೇರ ನಡುವಿಗೆ ಇಡಿ, ಕೂಡಲೇ ಕೂತುಬಿಡಿ, ಎದುರು ಬದುರಾಗಿ ಒಬ್ಬೊಬ್ಬರೇ ಹತ್ತಿ. ಸಾಧಾರಣ ಗಾತ್ರದ್ದಕ್ಕೆ ಅಂಬಿಗನನ್ನು ಬಿಟ್ಟು ನಾಲ್ಕೈದು ಜನ ಸಾಕು. ಗಿರಗಿರ ತಿರುಗಿಸಿ ಎಂದು ಕೇಳುವುದು ಈಗ ರೂಢಿಯಾಗಿದೆ. ಜನ ಹೆಚ್ಚಿದ್ದಾಗ ಅಂಚು ನೀರಿಗೆ ಗೇಣು ದೂರದಲ್ಲಿರುತ್ತದೆ, ತಿರುಗಿಸಿದರೆ ನೀರು ಒಳಗೆ ನುಗ್ಗುತ್ತದೆ. ತಿರುಗಲೇಬೇಕಿದ್ದರೆ ಇಬ್ಬರು ಮೂವರಿದ್ದಾಗ ಮಾತ್ರ.

ಟಿಬಿ ಡ್ಯಾಂ ಗೇಟು ಎತ್ತಿದ ದಿನಗಳಲ್ಲಿ ಹೊಳೆಯ ಹರಿಗೋಲು ಬಂದ್. ಸಣಾಪುರ ಕೆರೆ ಎಡದಂಡೆ ನಾಲೆಯ ನೀರಿನದು, ನಾಲೆಗೆ ಬಿಟ್ಟಿದ್ದಾಗ ತುಂಬಿರುತ್ತದೆ. ಹೊಳೆಯಲ್ಲಿ ನೀರು ಹದವಾಗಿ ಇಳಿದು, ಬಿಸಿಲು ಇನ್ನೂ ಹತ್ತದಿರುವ ನವೆಂಬರಿನಿಂದ ಫೆಬ್ರುವರಿ ತನಕ ಎರಡೂ ಚೆನ್ನ.

ಮನೆಯವರನ್ನು ನೋಡಿ ಆರಿಸುವುದು

ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಲಾಂಚ್ ಅಥವಾ ಪಾಪಿಕೊಂಡಲು ಅನುಕೂಲ. ದೊಡ್ಡ ದೋಣಿ, ನೆರಳು, ಊಟ, ಸಾಮಾನ್ಯವಾಗಿ ಶೌಚಾಲಯವೂ ಇರುತ್ತದೆ, ಹತ್ತುವ ಮುನ್ನ ಕೇಳಿಕೊಳ್ಳಿ. ಕಬಿನಿ, ಭದ್ರಾ ದೋಣಿಗಳಲ್ಲಿ ಎರಡು ತಾಸಿಗೂ ಹೆಚ್ಚು ಹೊತ್ತು ಇಳಿಯುವಂತಿಲ್ಲ. ಸಕ್ಕರೆ ಕಾಯಿಲೆಯವರಿಗೆ ಇದು ನಿಜವಾದ ತೊಂದರೆ. ಐದಾರು ವರ್ಷದ ಮಕ್ಕಳಿಗೆ ಐದಾರು ತಾಸಿನ ಲಾಂಚ್ ಬೇಸರ, ಆನೆಯಾದರೆ ಕಣ್ಣು ಕೀಳುವುದಿಲ್ಲ. ಒಂದೇ ದಿನ ರಜೆ ಇರುವವರಿಗೆ ಹರಿಗೋಲು. ಕೇರಳದ ತೇಕ್ಕಡಿಯಲ್ಲೂ ಪೆರಿಯಾರ್ ಕಾಡಿನ ನಡುವೆ ಒಂದೂವರೆ ತಾಸಿನ ದೋಣಿ ಇದೆ. ಆದರೆ ಬಳ್ಳಾರಿಯಿಂದ ಅಷ್ಟು ದೂರ ದೋಣಿಗಾಗಿಯೇ ಹೋಗುವ ಅಗತ್ಯ ನಮಗೆ ಕಾಣದು. ಮುನ್ನಾರ್ ಕಡೆ ಹೇಗೂ ಹೋಗುವವರು ಬೆಳಗಿನ ಏಳೂವರೆಯ ಮೊದಲ ದೋಣಿ ಹಿಡಿಯಿರಿ.

ತೇಕ್ಕಡಿಯ ಹೆಸರು ಇನ್ನೊಂದು ಕಾರಣಕ್ಕೆ ನೆನಪಿರಲಿ. 2009ರ ಸೆಪ್ಟೆಂಬರ್ 30ರಂದು ಅಲ್ಲಿ ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದಂಡೆಯ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದದ್ದು ಅದಕ್ಕೆ ಒಂದು ಕಾರಣ. ಮೇಲಿನ ಅಂತಸ್ತಿನಲ್ಲಿ ಜನ ಹೆಚ್ಚಾದಷ್ಟೂ ದೋಣಿಯ ತೂಕದ ಕೇಂದ್ರ ಮೇಲಕ್ಕೆ ಏರುತ್ತದೆ. ಆಗ ಸ್ವಲ್ಪ ವಾಲಿದರೂ ಅದು ತಾನಾಗಿ ನೇರವಾಗುವುದಿಲ್ಲ. ಆದ್ದರಿಂದ ಎಲ್ಲೇ ಆಗಲಿ, "ಅಗೋ ಆನೆ" ಎಂದ ಕೂಡಲೇ ಎದ್ದು ಆ ಬದಿಗೆ ಓಡಬೇಡಿ. ಚಾಲಕನೇ ದೋಣಿ ತಿರುಗಿಸಿ ಎರಡೂ ಬದಿಯವರಿಗೆ ತೋರಿಸುತ್ತಾನೆ.

ಲೈಫ್ ಜಾಕೆಟ್ ಕೊಟ್ಟರೆಂದು ಹೆಗಲಿಗೆ ನೇತುಹಾಕಿಕೊಂಡರೆ ಪ್ರಯೋಜನವಿಲ್ಲ. ಬಕಲ್ ಎಲ್ಲವನ್ನೂ ಹಾಕಿ, ಪಟ್ಟಿ ಬಿಗಿದು, ಜೊತೆಗಿರುವವರಿಂದ ಎರಡೂ ಭುಜದ ಕಡೆ ಮೇಲಕ್ಕೆ ಎಳೆಸಿ ನೋಡಿ. ಜಾಕೆಟ್ ಗಲ್ಲ, ಕಿವಿ ದಾಟಿ ಮೇಲೆ ಬಂತೆಂದರೆ ಅದು ನಿಮ್ಮ ಅಳತೆಯದಲ್ಲ. ನೀರಿಗೆ ಬಿದ್ದಾಗ ಮೈ ಕೆಳಗೆ ಜಾರಿ ಜಾಕೆಟ್ ಮಾತ್ರ ತೇಲುತ್ತದೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿಸುವುದು ಇದೇ ಕಾರಣಕ್ಕೆ ಅಪಾಯ. ಮಕ್ಕಳ ಅಳತೆಯದು ಇಲ್ಲವೆಂದರೆ ಆ ದೋಣಿ ಬಿಡಿ. ಸೀರೆ ಉಟ್ಟವರು ಸೆರಗನ್ನು ಜಾಕೆಟ್ಟಿನ ಒಳಗೆ ಸೇರಿಸಿಕೊಳ್ಳಬೇಕು, ಬಕಲಿಗೆ ಸಿಕ್ಕಿದರೆ ಬಿಗಿಯಾಗುವುದಿಲ್ಲ.

ದುರ್ಬೀನು ಕೊಳ್ಳುವುದಾದರೆ 8×42 ಸಾಕು. 10 ಪಟ್ಟಿನದು ದೋಣಿಯ ಅಲುಗಾಟವನ್ನೂ ಹತ್ತು ಪಟ್ಟು ಮಾಡಿ ತೋರಿಸುತ್ತದೆ. ಟ್ರೈಪಾಡ್ ಒಯ್ಯಬೇಡಿ, ಇಂಜಿನ್ನಿನ ನಡುಕ ನೇರ ಕ್ಯಾಮೆರಾಕ್ಕೆ ಹತ್ತುತ್ತದೆ. ಕೈಯಲ್ಲೇ ಹಿಡಿದು ಶಟರ್ ವೇಗವನ್ನು 1/1000 ಸೆಕೆಂಡಿನ ಮೇಲೆ ಇಡಿ. ಆಧಾರ್ ಕಾರ್ಡಿನ ಮೂಲಪ್ರತಿ ಇಟ್ಟುಕೊಳ್ಳಿ, ಕಾಡಿನ ಗೇಟಿನಲ್ಲಿ ನೆಟ್‌ವರ್ಕ್ ಸಿಗದೆ ಮೊಬೈಲಿನಲ್ಲಿರುವುದು ತೆರೆಯದೇ ಇರಬಹುದು.